ಮುಖ ನೋಡಬೇಡ, ಸಹಿ ನೋಡು

ಜೂನ್ 6, ಮಂಗಳವಾರ

ಮುಗಿಯಿತು. ಹದಿನಾಲ್ಕು ತಿಂಗಳು, ಮೂವತ್ತೆರಡು ಸಭೆ, ಒಂಬತ್ತು ಜನ. ಬ್ರೆಟನ್ ಮಿಲ್ಸ್ ನಗರದ ಸನ್ನದನ್ನು, ಅಂದರೆ ಆಡಳಿತದ ಮೂಲ ನಿಯಮಗಳನ್ನು, ಅರವತ್ತು ವರ್ಷದ ಮೇಲೆ ಮೊದಲ ಸಲ ಪೂರ್ತಿ ತಿದ್ದಿ ಮುಗಿಸಿದ್ದೇವೆ. ನವೆಂಬರಿನಲ್ಲಿ ಜನ ಅದಕ್ಕೆ ಹೌದು ಅನ್ನಬೇಕು ಇಲ್ಲ ಬೇಡ ಅನ್ನಬೇಕು, ಅಷ್ಟೇ ಬಾಕಿ. ಸಮಿತಿಯ ಅಧ್ಯಕ್ಷ ರೇ ಕಾರೊನ್, ಕಾರ್ಯದರ್ಶಿ ನಾನು. ಈ ಊರಿನ ಚುನಾವಣೆ, ದಾಖಲೆ ಎಲ್ಲ ನೋಡಿಕೊಳ್ಳುವ ನಗರಸಭೆಯ ಕ್ಲರ್ಕಾಗಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳಿಗೆ ನಿವೃತ್ತಿಯ ಮೇಲೆ ಇಷ್ಟಾದರೂ ಮರ್ಯಾದೆ ಸಿಕ್ಕಿತಲ್ಲ.

ಕೊನೆಯವರೆಗೆ ಜಗಳ ನಡೆದದ್ದು ಎಂಟನೇ ಅಧ್ಯಾಯದ ಮೇಲೆ. ನಗರಸಭೆಯ ತೀರ್ಮಾನ ಹಿಡಿಸದಿದ್ದರೆ ಜನ ಸಹಿ ಕೂಡಿಸಿ ಅದನ್ನು ಊರಿನ ಮತಕ್ಕೆ ಹಾಕಿಸಬಹುದು ಎನ್ನುವ ಅಧ್ಯಾಯ ಅದು. ಎಷ್ಟು ಸಹಿ ಬೇಕು? ಹಿಂದಿನ ಊರ ಚುನಾವಣೆಯಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ ಹತ್ತು. ಇವತ್ತಿಗೆ ನಾನೂರ ಹತ್ತು ಸಹಿ, ಮೂವತ್ತು ದಿನದ ಗಡುವು. ವಕೀಲರು ಇದು ತೀರಾ ಸಲೀಸಾಯಿತು ಎಂದು ಗೊಣಗಿದರು. ನಾವು ಆರಕ್ಕೆ ಮೂರು ಮತದಿಂದ ಹಳೆಯದನ್ನೇ ಉಳಿಸಿದೆವು. ರೇ ಕೂಡ ನಮ್ಮ ಕಡೆಗೇ ಕೈ ಎತ್ತಿದ.

ಕೊನೆಗೆ ವಾಡಿಕೆಯ ನಿರ್ಣಯವನ್ನು ನಾನೇ ಮಂಡಿಸಿದೆ: ಅಚ್ಚಿಗೆ ಹೋಗುವ ಮುನ್ನ ಅಗತ್ಯ ತಿದ್ದುಪಡಿ ಮಾಡಲು ಅಧ್ಯಕ್ಷರಿಗೂ ವಕೀಲರಿಗೂ ಅಧಿಕಾರ. ಪುಟಸಂಖ್ಯೆ ತಪ್ಪಿದ್ದರೆ, ಹೆಸರು ಬಿಟ್ಟುಹೋಗಿದ್ದರೆ ಸರಿಮಾಡಿಕೊಳ್ಳಲಿ ಅಂತ. ನೌಕರಿಯಲ್ಲಿದ್ದಾಗ ಇಂಥದ್ದನ್ನು ನೂರು ಸಲ ಬರೆದಿದ್ದೇನೆ. ಆ ಹೊತ್ತಿಗೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ಎಲ್ಲರೂ ಕುರ್ಚಿ ಹಿಂದಕ್ಕೆ ತಳ್ಳುತ್ತಿರುತ್ತಾರೆ.

ಹೊರಡುವಾಗ ರೇ ಒಂದು ಹಾಳೆ ಹಿಡಿದು ಬಂದ. "ಕ್ಲೋ, ಜುಲೈ ಪೂರ್ತಿ ನೀನು ತಂಗಿ ಜೊತೆ ಕೆರೆ ಮನೇಲಿರ್ತೀಯ. ದೃಢೀಕರಣಕ್ಕೆ ಈಗಲೇ ಸಹಿ ಹಾಕಿಬಿಡು. ಅಚ್ಚಾದ್ಮೇಲೆ ಹಿಂದುಗಡೆ ಸೇರಿಸ್ಕೋತೀನಿ." ಹಾಕಿದೆ. ಓದದ ಕಾಗದಕ್ಕೆ ಸಹಿ ಹಾಕುವವಳಲ್ಲ ನಾನು. ಆದರೆ ಇವನು ರೇ. ನನ್ನ ಗಂಡ ಲೂಯಿ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು.

ಮನೆಗೆ ಬರುವಾಗ ಎದುರು ಮನೆಯ ಆ ಬೂಶೆ ಹೆಂಗಸು ಮೆಟ್ಟಿಲು ಗುಡಿಸುತ್ತಿದ್ದಳು. ನನ್ನನ್ನು ಕಂಡು ಎಂದಿನಂತೆ ಒಳಗೆ ಹೋಗಿ ಕಿಟಕಿಯ ಪರದೆ ಎಳೆದಳು. ಇಪ್ಪತ್ತೊಂಬತ್ತು ವರ್ಷದಿಂದ ಇದೇ ಕತೆ. 1994ರಲ್ಲಿ ಕಾಲುವೆಯ ಮೇಲಿನ ಕಾಲುಸೇತುವೆ ಕೆಡವಬಾರದೆಂದು ಅವಳು ಐನೂರ ಮೂವತ್ತೆಂಟು ಸಹಿ ತಂದಳು. ಬೇಕಿದ್ದದ್ದು ಐನೂರ ಇಪ್ಪತ್ತು. ನಾನು ನಲವತ್ತೊಂದು ಸಹಿ ಹೊಡೆದುಹಾಕಿದೆ. ಹಾಳೆ ಹಿಡಿದವರು ಪ್ರತಿ ಸಹಿಯನ್ನೂ ಕಣ್ಣಾರೆ ಕಂಡಿರಬೇಕು ಎಂಬುದು ನಿಯಮ. ಇವಳ ಹಾಳೆಗಳು ಚರ್ಚಿನ ಶನಿವಾರದ ಬೀನ್ಸ್ ಊಟದಲ್ಲಿ ಬ್ರೆಡ್ಡಿನ ಬುಟ್ಟಿಯ ಜೊತೆ ಕೈಯಿಂದ ಕೈಗೆ ಮೇಜು ಸುತ್ತಿದ್ದವು. ಗಂಡಂದಿರ ಹೆಸರನ್ನು ಹೆಂಡತಿಯರೇ ಗೀಚಿದ್ದರು. ಆಗ ನಗರಸಭೆಯ ಸದಸ್ಯನಾಗಿದ್ದ ರೇ ತಾನೇ ಬಂದು ನನಗೆ ತಿಳಿಸಿದ್ದ. ಕಾನೂನು ಎಲ್ಲರಿಗೂ ಒಂದೇ ಅಲ್ಲವೇ? ಸೇತುವೆ ಹೋಯಿತು. ನನ್ನದೇನೂ ತಪ್ಪಿರಲಿಲ್ಲ.

ಆಗಸ್ಟ್ 9, ಬುಧವಾರ

ಅಚ್ಚಾದ ವರದಿ ಅಂಚೆಯಲ್ಲಿ ಬಂತು. ಚಹಾ ಮಾಡಿಕೊಂಡು, ಕನ್ನಡಕ ಒರೆಸಿಕೊಂಡು, ಹಬ್ಬದ ಊಟಕ್ಕೆ ಕೂತವಳ ಹಾಗೆ ಕೂತೆ.

ಮೂವತ್ತೊಂದನೇ ಪುಟ. ಎಂಟನೇ ಅಧ್ಯಾಯ. "ಮತದಾರರ ಪಟ್ಟಿಯಲ್ಲಿರುವ ಒಟ್ಟು ಜನರಲ್ಲಿ ನೂರಕ್ಕೆ ಹದಿನೈದು. ಇಪ್ಪತ್ತು ದಿನ. ಸಹಿಗಳನ್ನು ಕ್ಲರ್ಕಿನ ಕಚೇರಿಯ ಕೌಂಟರಿನಲ್ಲಿ ಮಾತ್ರ ಹಾಕತಕ್ಕದ್ದು."

ಮೂರು ಸಲ ಓದಿದೆ. ಬೇರೆ ಯಾವುದೋ ಊರಿನ ಸನ್ನದು ತಪ್ಪಿ ಬಂದಿದೆಯೇನೋ ಎಂದು ಮುಖಪುಟ ತಿರುಗಿಸಿ ನೋಡಿದೆ. ಪಟ್ಟಿಯಲ್ಲಿ ಹದಿಮೂರು ಸಾವಿರದ ಇನ್ನೂರು ಹೆಸರಿವೆ. ಅರ್ಧ ಜನ ಯಾವತ್ತೂ ಮತಗಟ್ಟೆಗೆ ಬಂದವರಲ್ಲ. ಸತ್ತವರಿದ್ದಾರೆ, ಊರು ಬಿಟ್ಟವರಿದ್ದಾರೆ. ಅದರಲ್ಲಿ ನೂರಕ್ಕೆ ಹದಿನೈದು ಅಂದರೆ ಸಾವಿರದ ಒಂಬೈನೂರ ಎಂಬತ್ತು. ನಾನೂರ ಹತ್ತು ಇದ್ದದ್ದು ಸಾವಿರದ ಒಂಬೈನೂರ ಎಂಬತ್ತು. ಅದೂ ಅಷ್ಟು ಜನರೂ ನಗರಸಭೆಯ ಎರಡನೇ ಮಹಡಿ ಹತ್ತಿ ಬರಬೇಕು, ಕೆಲಸದ ವೇಳೆಯಲ್ಲೇ. ಹಕ್ಕನ್ನು ತೆಗೆದುಹಾಕಿಲ್ಲ. ಅಟ್ಟದ ಮೇಲಿಟ್ಟು ಏಣಿ ತೆಗೆದಿದ್ದಾರೆ.

ಕೊನೆಯ ಪುಟದಲ್ಲಿ "ಸಮಿತಿ ಒಪ್ಪಿದ ಪ್ರತಿ ಇದೇ ಎಂದು ದೃಢೀಕರಿಸಿದ್ದೇನೆ" ಎಂಬ ಸಾಲು. ಅದರ ಕೆಳಗೆ ನನ್ನ ಸಹಿ, ನೀಟಾಗಿ, ಹೆಸರಿನ ಮೊದಲ ಸಿ ಅಕ್ಷರದ ಸುರುಳಿ ಸಮೇತ.

ವಕೀಲರದ್ದೇ ಕೆಲಸ ಇರಬೇಕು. ರೇ ನೋಡಿರುವುದಿಲ್ಲ. ನಾಳೆ ಬೆಳಿಗ್ಗೆಯೇ ಹೋಗುತ್ತೇನೆ.

ಆಗಸ್ಟ್ 10, ಗುರುವಾರ

ರೇ ಜಗಲಿಯಲ್ಲಿ ಕೂತು ಮುಸುಕಿನ ಜೋಳದ ಸಿಪ್ಪೆ ಸುಲಿಯುತ್ತಿದ್ದ. ಪುಟ ತೆರೆದು ತೊಡೆಯ ಮೇಲಿಟ್ಟೆ. ನೋಡಲೂ ಇಲ್ಲ.

"ಗೊತ್ತು ಕ್ಲೋ. ಕೂತ್ಕೊ."

"ನೀನೇ ಹಳೇದಕ್ಕೆ ಕೈ ಎತ್ತಿದ್ದೆ."

"ಎತ್ತಿದ್ದೆ. ಅವತ್ತು ಎತ್ತದೆ ಇದ್ದಿದ್ರೆ ಸಭೆ ಬೆಳಗಿನವರೆಗೂ ಎಳೀತಿತ್ತು. ನೋಡು, ಪ್ರತಿಯೊಂದಕ್ಕೂ ನಾನೂರು ಜನ ಅಡ್ಡ ಕೂತ್ರೆ ಊರು ನಡೆಯೋದು ಹ್ಯಾಗೆ? ಸೇತುವೆ ಮುಟ್ಟಬೇಡಿ, ಗ್ರಂಥಾಲಯ ಮುಟ್ಟಬೇಡಿ, ಮರ ಕಡೀಬೇಡಿ. ಸಾಕಾಗಿದೆ ನಂಗೆ."

"ಸಮಿತಿ ಒಪ್ಪಿದ್ದು ಅದಲ್ಲ."

"ಅಗತ್ಯ ತಿದ್ದುಪಡಿಗೆ ಅಧಿಕಾರ ಕೊಡಿ ಅಂತ ನಿರ್ಣಯ ತಂದೋರು ಯಾರು? ನಡಾವಳಿ ಬರೆದೋರು ಯಾರು? ನಂಗೆ ಇದು ಅಗತ್ಯ ಅನ್ನಿಸ್ತು." ಒಂದು ತೆನೆ ಸುಲಿದು ಬುಟ್ಟಿಗೆ ಹಾಕಿದ.

ಹಾಗಾದರೆ ನನ್ನ ಸಹಿ ಯಾಕೆ ಬೇಕಿತ್ತು, ವಕೀಲರದ್ದೇ ಹಾಕಿಸಬಹುದಿತ್ತಲ್ಲ ಎಂದು ಕೇಳಿದೆ. ಅವನು ನಗುತ್ತಲೇ ಹೇಳಿದ, ನನ್ನನ್ನು ಹೊಗಳುವವನ ಹಾಗೆ: "ನಿನ್ನ ಸಹಿ ಇದ್ರೆ ಈ ಊರಲ್ಲಿ ಯಾರೂ ಓದೋಕೆ ಹೋಗಲ್ಲ ಕ್ಲೋ. ಅದಕ್ಕೇ."

ಹೊರಡುವಾಗ ಆರು ಜೋಳದ ತೆನೆ ಕಾಗದದ ಚೀಲಕ್ಕೆ ಹಾಕಿ ಕೊಟ್ಟ. ನಾನೂ ತಗೊಂಡು ಬಂದೆ. ಯಾಕೆ ತಗೊಂಡೆ ಅಂತ ಈಗಲೂ ಗೊತ್ತಿಲ್ಲ. ಎಲ್ಲ ಕಸಕ್ಕೆ ಹಾಕಿದ್ದೇನೆ.

ಆಗಸ್ಟ್ 12, ಶನಿವಾರ

ಬೀನ್ಸ್ ಊಟಕ್ಕೆ ಹೋಗಲಿಲ್ಲ. ನಲವತ್ತು ವರ್ಷದಲ್ಲಿ ಊರಲ್ಲಿದ್ದೂ ಹೋಗದಿದ್ದದ್ದು ಲೂಯಿ ಹೋದ ವಾರ ಮಾತ್ರ.

ಸೆಪ್ಟೆಂಬರ್ 5, ಮಂಗಳವಾರ

ಮನೆ ಮನೆಗೂ ಕರಪತ್ರ ಬಂದಿದೆ. ಅದರಲ್ಲಿ ನನ್ನ ಫೋಟೋ, ನಿವೃತ್ತಿಯ ದಿನದ್ದು, ಕೇಕಿನ ಮುಂದೆ ನಿಂತಿರುವುದು. "ನಮ್ಮ ಕ್ಲೋಡೆಟ್ ಬರೆದ ಸನ್ನದು. ಹೌದು ಅನ್ನಿ."

ನೇರ ಕಚೇರಿಗೆ ಹೋದೆ. ಈಗ ಕ್ಲರ್ಕಾಗಿರುವ ಟ್ರೇಸಿ ನಾನೇ ಹನ್ನೊಂದು ವರ್ಷ ತಿದ್ದಿದ ಹುಡುಗಿ. ಹುಡುಗಿ ಅನ್ನುತ್ತೇನೆ, ಅವಳಿಗೂ ನಲವತ್ತೈದು. ದೃಢೀಕರಣವನ್ನು ಹಿಂತೆಗೆದುಕೊಳ್ಳುತ್ತೇನೆ ಅಂದೆ. ಪಾಪ, ಅವಳ ಮುಖ ಕೆಂಪಾಯಿತು.

"ಸಲ್ಲಿಸಿದ ದಾಖಲೆ ವಾಪಸ್ ಕೊಡೋಕಾಗಲ್ಲ ಮೇಡಂ. ಸಹಿ ನಿಮ್ದು ಹೌದೋ ಅಲ್ವೋ, ಅಷ್ಟೇ ನಾನು ಕೇಳಬಹುದು."

"ನಂದೇ."

"ಹಾಗಾದ್ರೆ ನನ್ನ ಕೈಲಿ ಏನೂ ಇಲ್ಲ. ನೀವೇ ಕಲಿಸಿದ್ದು."

ಕೌಂಟರಿನ ಗಾಜಿನಡಿ ನನ್ನ ಕೈಬರಹದ ಚೀಟಿ ಇನ್ನೂ ಇದೆ. ಅವಳು ಕೆಲಸಕ್ಕೆ ಸೇರಿದ ವಾರ ಬರೆದು ಅಂಟಿಸಿದ್ದು: ಮುಖ ನೋಡಬೇಡ, ಸಹಿ ನೋಡು. ಪರಿಚಯದವರು ಅಂತ ಸಡಿಲ ಬಿಡಬೇಡ ಎಂಬ ಅರ್ಥದಲ್ಲಿ ಬರೆದದ್ದು. ಒಳ್ಳೆಯ ಮಾತೇ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲಾರೆ.

ಸೆಪ್ಟೆಂಬರ್ 21, ಗುರುವಾರ

ದಿನಸಿ ಅಂಗಡಿಯಲ್ಲಿ ಮೂರು ಜನ ನಿಲ್ಲಿಸಿ ಅಭಿನಂದಿಸಿದರು. ಒಬ್ಬೊಬ್ಬರಿಗೂ ಹೇಳಿದೆ: ನಾನು ಬರೆದದ್ದು ಅದಲ್ಲ, ಬೇಡ ಅನ್ನಿ. ಅವರು ನಗುತ್ತಾರೆ. ನಾನು ಸಂಕೋಚದಿಂದ ಹಾಗೆ ಹೇಳುತ್ತಿದ್ದೇನೆ ಎಂದುಕೊಂಡಿದ್ದಾರೆ.

ಮಧ್ಯಾಹ್ನ ಎದುರು ಮನೆಯ ಅಂಗಳದಲ್ಲಿ ಒಂದು ಹಲಗೆ ಎದ್ದಿತ್ತು. ಮನೆ ಬಣ್ಣದಲ್ಲಿ ಕೈಯಿಂದ ಬರೆದದ್ದು: ಬೇಡ. ಇಡೀ ಬೀದಿಯಲ್ಲಿ ಅದೊಂದೇ. ನೋಡುತ್ತ ನಿಂತೆ. ಪರದೆ ಸರಿಯಿತು, ಬಾಗಿಲು ತೆರೆಯಿತು. ಎಂಬತ್ತೆರಡರ ಹೆಂಗಸು ವಾಕರ್ ತಳ್ಳಿಕೊಂಡು ಅಂಗಳದ ಅಂಚಿಗೆ ಬಂದು ನಿಂತಳು.

"ಏನು, ನನ್ನ ಹಲಗೇಲೂ ತಪ್ಪು ಹುಡುಕ್ತಿದೀಯಾ?"

"ಇಲ್ಲ, ಮದಾಮ್ ಬೂಶೆ. ಇಂಥದ್ದೇ ಒಂದು ನನಗೂ ಬೇಕು."

ಎಲ್ಲ ಹೇಳಿದೆ, ಬೀದಿಯಲ್ಲೇ ನಿಂತು. ವಾಡಿಕೆಯ ನಿರ್ಣಯ, ಓದದೆ ಹಾಕಿದ ಸಹಿ, ಜೋಳ ಕೂಡ. ಜೋಳದ ಮಾತಿಗೆ ಅವರು ಒಂದು ಸಲ ಹ್ಞೂಂ ಅಂದರು.

"ಅವನ ಕೈಚಳಕ ನಿಂಗೆ ಇವತ್ತು ಗೊತ್ತಾಯ್ತಾ? ತೊಂಬತ್ನಾಲ್ಕರಲ್ಲಿ ಊಟದ ಮೇಜಲ್ಲಿ ನನ್ನ ಕೈಯಿಂದ ಆ ಹಾಳೆ ಇಸ್ಕೊಂಡಿದ್ದು ಯಾರು ಅಂದ್ಕೊಂಡೆ? 'ಒದೀಲ್, ನೀನು ಬಿಸಿಬಿಸಿ ಊಟ ಮಾಡು, ಮೇಜಿಗೆಲ್ಲ ನಾನು ದಾಟಿಸ್ತೀನಿ' ಅಂದ. ಎಷ್ಟು ಒಳ್ಳೆಯವನಪ್ಪಾ ಅಂದ್ಕೊಂಡೆ. ಬ್ರೆಡ್ಡಿನ ಬುಟ್ಟಿ ಮೇಲಿಟ್ಟು ಅವನೇ ಕಳಿಸಿದ. ಗಂಡಂದಿರದ್ದೂ ನೀವೇ ಹಾಕ್ಬಿಡಿ ಅಂದೋನೂ ಅವನೇ."

ಅವರ ಬೇಲಿಯ ಕಂಬ ಹಿಡಿದುಕೊಂಡೆ.

"ಅವತ್ತೇ ನಂಗೆ ಯಾಕೆ ಹೇಳಲಿಲ್ಲ?"

"ಹೇಳೋಕೆ ಬಂದಿದ್ದೆ. ನಿನ್ನ ಕೌಂಟರಿಗೆ. ನೀನು 'ತೀರ್ಮಾನ ಆಗಿದೆ, ಮದಾಮ್' ಅಂದೆ. ಮುಖ ಎತ್ತಿ ನೋಡಲಿಲ್ಲ ನೀನು."

ನೆನಪಿಗೆ ಬರುತ್ತಿಲ್ಲ. ಅದೇ ನನಗೆ ಸಂಕಟ. ಅವರಿಗೆ ಇಪ್ಪತ್ತೊಂಬತ್ತು ವರ್ಷ ನೆನಪಿರುವ ದಿನ ನನಗೆ ಯಾವುದೋ ಒಂದು ಬುಧವಾರ. ಸೇತುವೆ ಹೋದ ಮೇಲೆ ಅವರ ಗಂಡ ಆರ್ಮಾಂಡ್ ಚರ್ಚಿಗೆ ಸುತ್ತು ಹಾಕಿ ನಡೆಯಲಾಗದೆ ಕೊನೆಯ ಆರು ವರ್ಷ ಮನೆಯಲ್ಲೇ ಕೂತರಂತೆ. ಎದುರು ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

ರೇ ನನ್ನನ್ನು ಒಂದು ಸಲ ಅಲ್ಲ, ಎರಡು ಸಲ ಬಳಸಿಕೊಂಡ. ಮೊದಲ ಸಲ ನನ್ನ ಕಟ್ಟುನಿಟ್ಟನ್ನು, ಎರಡನೇ ಸಲ ನನ್ನ ಹೆಸರನ್ನು. ನಂಬಿದವರೇ ಕತ್ತು ಕೊಯ್ದರು ಅನ್ನುತ್ತಾರಲ್ಲ, ಕತ್ತಿಯನ್ನು ಹರಿತ ಮಾಡಿ ಕೊಟ್ಟವಳು ನಾನೇ.

ಅಕ್ಟೋಬರ್ 11, ಬುಧವಾರ

ಇವತ್ತು ಬಹಿರಂಗ ಸಭೆ. ನೂರೈವತ್ತು ಜನ ಇದ್ದರು. ಒಬ್ಬೊಬ್ಬರಿಗೆ ಮೂರು ನಿಮಿಷ. ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ, ಓದಲಿಲ್ಲ.

"ನನ್ನ ಸಹಿ ನೋಡಿ ಹೌದು ಅನ್ನಬೇಡಿ. ನಾನು ಓದದೆ ಹಾಕಿದ ಸಹಿ ಅದು," ಅಂದೆ. ಆಮೇಲೆ 1994ರದ್ದನ್ನೂ ಹೇಳಿದೆ. ಒದೀಲ್ ಬೂಶೆಯವರ ಮಾತು ಕೇಳದೆ ಅವರ ನಲವತ್ತೊಂದು ಸಹಿ ಹೊಡೆದುಹಾಕಿದೆ ಎಂದೆ. ಕೊನೆಗೆ ವೇದಿಕೆಯ ಕಡೆ ತಿರುಗಿ ಕೇಳಿದೆ: "ರೇ, ಆ ಹಾಳೆಗಳನ್ನ ಮೇಜಿಗೆ ದಾಟಿಸಿದ್ದು ನೀನು ಹೌದೋ ಅಲ್ಲವೋ?"

ಅವನು ಮೈಕು ಹತ್ತಿರಕ್ಕೆ ಎಳೆದುಕೊಂಡ. "ಮೂವತ್ತು ವರ್ಷದ ಹಿಂದಿನ ಊಟ ಯಾರಿಗೆ ನೆನಪಿರುತ್ತೆ? ನಮ್ಮ ಕ್ಲೋಡೆಟ್ ಅವರು ಈ ಸನ್ನದಿಗಾಗಿ ತುಂಬ ದುಡಿದಿದ್ದಾರೆ. ದಣಿದಿದ್ದಾರೆ. ಅವರಿಗೊಂದು ಚಪ್ಪಾಳೆ ಕೊಡೋಣ."

ಕೊಟ್ಟರು. ನೂರೈವತ್ತು ಜನ ಚಪ್ಪಾಳೆ ತಟ್ಟಿದರು. ನನ್ನ ಜನ್ಮದಲ್ಲಿ ಅಂಥ ಅವಮಾನ ಆಗಿರಲಿಲ್ಲ. ನಲವತ್ತು ವರ್ಷ ಏಕವಚನದಲ್ಲಿ ಮಾತಾಡಿಸಿದವನು "ಅವರು" ಅಂದಾಗಲೇ ತಿಳಿಯಿತು, ಈ ಸ್ನೇಹಕ್ಕೆ ಮಣ್ಣು ಹಾಕಿ ಆಗಿದೆ ಅಂತ.

ಒದೀಲ್ ಕೊನೆಯ ಸಾಲಿನಲ್ಲಿದ್ದರು. ಅವರು ಚಪ್ಪಾಳೆ ತಟ್ಟಲಿಲ್ಲ. ಕಾರಿನಲ್ಲಿ ಮನೆಗೆ ಬಿಟ್ಟೆ. ಇಳಿಯುವಾಗ, "ನನ್ನ ಹೆಸರನ್ನ ಸರಿಯಾಗಿ ಉಚ್ಚರಿಸಿದೆ," ಅಂದರು.

ಅಕ್ಟೋಬರ್ 16, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬೇಡ ಅನ್ನಿ ಎಂದು ಹೇಳಲು ಮನೆ ಮನೆಗೆ ಹೋಗುವಾಗ ಗುಡ್ಡದ ಮೆಟ್ಟಿಲಲ್ಲಿ ಒದ್ದೆ ಎಲೆ. ಬಿದ್ದೆ. ಬಲ ಮಣಿಕಟ್ಟು ಎರಡು ಕಡೆ ಮುರಿದಿದೆ.

ಅಕ್ಟೋಬರ್ 24, ಮಂಗಳವಾರ

ಒದೀಲ್ ಬಟಾಣಿ ಸೂಪ್ ತಂದರು. ವಾಕರಿನ ಬುಟ್ಟಿಯಲ್ಲಿಟ್ಟುಕೊಂಡು, ರಸ್ತೆ ದಾಟಿ. ಅರ್ಧ ಚೆಲ್ಲಿತ್ತು. ನಾನು ತಿನ್ನುವವರೆಗೂ ಕೂತಿದ್ದು, "ಉಪ್ಪು ಜಾಸ್ತಿ ಆಗಿದೆ, ಹೇಳೋಕೇನು ದಾಡಿ?" ಎಂದು ಬೈದರು. ಆಗಿತ್ತು.

ನವೆಂಬರ್ 5, ಭಾನುವಾರ

ವೃದ್ಧಾಶ್ರಮಕ್ಕೆ ಹೋಗಿ ಚಿಕ್ಕಮ್ಮ ಫ್ಲೋರಾನ್ಸಳನ್ನು ನೋಡಿ ಬಂದೆ. ತೊಂಬತ್ತಮೂರು. ಕಿವಿ ಮಂದ, ಬುದ್ಧಿ ಚುರುಕು. ದಿಂಬಿನ ಪಕ್ಕದಲ್ಲಿ ಆ ಕರಪತ್ರ. ಕೇಕಿನ ಮುಂದೆ ನಾನು.

"ಅಂಚೆಯಲ್ಲೇ ಮತ ಹಾಕ್ಬಿಟ್ಟೆ ಮಗಾ," ಅಂದಳು. "ಹೌದು ಅಂತ. ಇಲ್ಲಿರೋ ಹೆಂಗಸರಿಗೆಲ್ಲ ಹೇಳ್ದೆ, ನಮ್ಮ ಕ್ಲೋಡೆಟ್ ಬರೆದಿರೋದು, ಕಣ್ಮುಚ್ಕೊಂಡು ಹಾಕಿ ಅಂತ. ಹದಿನೆಂಟು ಜನ ಹಾಕಿದ್ರು. ಎಲ್ರೂ ನಿನ್ನ ಸಲುವಾಗೇ."

ನನ್ನ ಬ್ಯಾಂಡೇಜಿನ ಕೈ ಸವರುತ್ತಿದ್ದಳು. ಹೆಮ್ಮೆಯಿಂದ ಅವಳ ಗಲ್ಲ ನಡುಗುತ್ತಿತ್ತು. ಏನು ಹೇಳಲಿ? "ಒಳ್ಳೇದಾಯ್ತು ಚಿಕ್ಕಮ್ಮ," ಅಂದೆ.

ರೇ ನನಗೆ ಮಾಡಿದ್ದನ್ನು ನನ್ನ ಹೆಸರು ಈ ಹೆಂಗಸರಿಗೆ ಮಾಡಿದೆ. ಕಾರಿನಲ್ಲಿ ಕೂತು ಅತ್ತೆ. ಬರೆದರೆ ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ನವೆಂಬರ್ 7, ಮಂಗಳವಾರ

ಹೌದು 2,338. ಬೇಡ 2,251.

ಎಂಬತ್ತೇಳು.

ನವೆಂಬರ್ 11, ಶನಿವಾರ

ಬೀನ್ಸ್ ಊಟಕ್ಕೆ ಹೋದೆ. ಒದೀಲ್ ಹಟ ಹಿಡಿದರು. ರೇ ಎದುರು ಸಾಲಿನಲ್ಲಿ ಕೂತು ಬ್ರೆಡ್ಡಿನ ಬುಟ್ಟಿ ಚಾಚಿದ. ನಾನು ಎಡಗೈಯಲ್ಲಿ ತೆಗೆದುಕೊಳ್ಳುವ ಮೊದಲೇ ಒದೀಲ್ ಅದನ್ನು ಹಿಡಿದು, ಬಟ್ಟೆ ಎತ್ತಿ ಕೆಳಗೆಲ್ಲ ನೋಡಿ, "ಬರೀ ಬ್ರೆಡ್ಡು ತಾನೇ?" ಅಂದರು. ಮೇಜಿನವರೆಲ್ಲ ತಟ್ಟೆ ನೋಡಿಕೊಂಡರು. ಮೂರು ತಿಂಗಳಲ್ಲಿ ಮೊದಲ ಸಲ ನಗು ಬಂತು.

ಜನವರಿ 23, ಮಂಗಳವಾರ

ಹೊಸ ಸನ್ನದು ಜಾರಿಯಾಗಿ ಮೂರು ವಾರ. ನಗರಸಭೆಯ ಮೊದಲ ತೀರ್ಮಾನ: ಗುಡ್ಡದ ಮೇಲಿನ ಬಡಾವಣೆಯ ಗ್ರಂಥಾಲಯ ಮುಚ್ಚುವುದು. ಒದೀಲ್ ಅರ್ಜಿ ಬರೆದರು, ನಾನು ತಿದ್ದಿದೆ. ಒಂದು ಸಾಲೂ ಅತ್ತಿತ್ತ ಆಗದ ಹಾಗೆ. ಸಾವಿರದ ಒಂಬೈನೂರ ಎಂಬತ್ತು ಸಹಿ, ಇಪ್ಪತ್ತು ದಿನ. ಆಗುವ ಮಾತಲ್ಲ ಎಂದು ಇಬ್ಬರಿಗೂ ಗೊತ್ತು.

ಕ್ಲರ್ಕಿನ ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೋದೆವು. ಎರಡು ಮಹಡಿ ಹತ್ತಲು ಒದೀಲ್‌ಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ವಾಕರ್ ನಾನು ಹೊತ್ತೆ. ನಮ್ಮ ಹಿಂದೆ ಗುಡ್ಡದ ಜನ ಒಬ್ಬೊಬ್ಬರೇ ಬಂದು ಸೇರಿದರು, ಮೆಟ್ಟಿಲವರೆಗೆ. ರೇ ಮೇಯರರ ಕೋಣೆಯ ಕಡೆ ಹೋಗುತ್ತಿದ್ದವನು ನಿಂತ.

"ಕೈ ಹೇಗಿದೆ ಕ್ಲೋ?"

"ಬರೆಯುತ್ತೆ," ಅಂದೆ. ಅವನು ಹೊರಟುಹೋದ. ಬೇರೇನೂ ಹೇಳಬೇಕು ಅನ್ನಿಸಲಿಲ್ಲ.

ಮೊದಲ ಸಾಲಿಗೆ ಒದೀಲ್ ಸಹಿ ಹಾಕಿದರು. ಎರಡನೆಯದಕ್ಕೆ ನಾನು. ಟ್ರೇಸಿ ನನ್ನ ಸಹಿ ನೋಡಿದಳು, ಕಚೇರಿಯ ಮತದಾರರ ಕಾರ್ಡಿನಲ್ಲಿದ್ದ ನನ್ನ ಹಳೆಯ ಸಹಿ ನೋಡಿದಳು, ಮತ್ತೆ ನನ್ನದು ನೋಡಿದಳು. ಮಣಿಕಟ್ಟು ಕೂಡಿದೆ, ಆದರೆ ಬೆರಳು ಮೊದಲಿನ ಹಾಗೆ ತಿರುಗುವುದಿಲ್ಲ. ಸಿ ಅಕ್ಷರದ ಸುರುಳಿಯೇ ಬರುವುದಿಲ್ಲ.

"ಮೇಡಂ," ಅಂದಳು. "ಹೊಂದ್ತಾ ಇಲ್ಲ."

ಒದೀಲ್ ವಾಕರನ್ನು ನೆಲಕ್ಕೆ ಕುಟ್ಟಿದರು. "ಹೊಂದಲ್ಲ ಅಂದ್ರೆ? ಇವಳು ಕ್ಲೋಡೆಟ್. ಈ ಮುಖ ನೋಡಬಾರ್ದು ಅಂತ ಇಪ್ಪತ್ತೊಂಬತ್ತು ವರ್ಷ ದಿನಾ ಪರದೆ ಎಳೆದೋಳು ನಾನು. ನನಗಿಂತ ಚೆನ್ನಾಗಿ ಈ ಮುಖ ಇನ್ಯಾರಿಗಮ್ಮ ಗೊತ್ತು?"

ಟ್ರೇಸಿ ಗಾಜಿನಡಿಯ ಚೀಟಿಯ ಕಡೆ ನೋಡಿದಳು. ಅವಳ ಕಣ್ಣು ತುಂಬಿತ್ತು. ನನ್ನದೇ ಅಕ್ಷರ, ಸುರುಳಿ ಗಿರುಳಿ ಎಲ್ಲ ಇದ್ದದ್ದು.

"ಗೆರೆ ಎಳಿ, ಟ್ರೇಸಿ," ಅಂದೆ. "ಇಲ್ದಿದ್ರೆ ಇದೊಂದು ಸಾಕು ಅವರಿಗೆ, ಇಡೀ ಹಾಳೆ ಬಿಸಾಕ್ತಾರೆ. ನಂಗೆ ಹೊಸ ಕಾರ್ಡು ಕೊಡು, ಸಹಿ ಬದಲಾಗಿದೆ ಅಂತ ಬರ್ಕೊಡ್ತೀನಿ. ಮತ್ತೆ ಸಾಲಲ್ಲಿ ಬರ್ತೀನಿ."

ಅವಳು ಅಳತೆಪಟ್ಟಿ ಇಟ್ಟು ಗೆರೆ ಎಳೆದಳು. ಸರಿಯಾಗಿಯೇ ಎಳೆದಳು, ನಾನು ಕಲಿಸಿದ ಹಾಗೆ, ಹೆಸರು ಓದಲು ಬರಬೇಕು ಆದರೆ ಎಣಿಕೆಗೆ ಬರಬಾರದು. ಹೊಸ ಕಾರ್ಡಿಗೆ ಏಳು ನಿಮಿಷ ಹಿಡಿಯಿತು. ಹಳೆಯದು ಮದುವೆಯಾದ ವರ್ಷದ್ದು.

ಒದೀಲ್ ಕೌಂಟರ್ ಬಿಟ್ಟು ಕದಲಿರಲಿಲ್ಲ. ಗೆರೆ ಬಿದ್ದ ನನ್ನ ಹೆಸರನ್ನು ಬಗ್ಗಿ ನೋಡುತ್ತಿದ್ದರು.

"ಗೆರೆ ಬಿದ್ರೆ ಹೀಗೇ ಆಗುತ್ತೆ," ಅಂದರು, ಮೆಲ್ಲಗೆ. ಬೈದ ಹಾಗೂ ಇರಲಿಲ್ಲ, ಸಮಾಧಾನ ಮಾಡಿದ ಹಾಗೂ ಇರಲಿಲ್ಲ.

ಆಮೇಲೆ ನನ್ನ ಜೊತೆ ಸಾಲಿನ ಕೊನೆಗೆ ಬಂದು, ಗೋಡೆ ಬದಿಯ ಬೆಂಚಿನ ಮೇಲೆ ಕೂತು, ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಕೂತ್ಕೊ. ಮುಂದೆ ತುಂಬ ಜನ ಇದಾರೆ."